ಬಾಗಿದ ತೆನೆ

ಎಳೆ ಬೆರಳಿಗೆ ಹತ್ತಿತೋ ಇಲ್ಲವೋ, ಹತ್ತಿದ್ದರೆ ಒಂದೋ ಎರಡೋ, ಬೆರಳ ತುದಿ ಈಗ ಏನೂ ಹೇಳುವುದಿಲ್ಲ, ಬೇರೆ ಯಾರದೋ ಬೆರಳು ತಂದು ಅಂಟಿಸಿದ ಹಾಗಿದೆ — ದ್ರಾಕ್ಷಾಯಣಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೆಂಪು ರೇಷ್ಮೆಯ ಮೇಲೆ ಇನ್ನಷ್ಟು ಬಗ್ಗಿದಳು, ಕನ್ನಡಕ ಮೂಗಿನ ತುದಿಗೆ ಜಾರಿತು, ಜಾರಲಿ, ಅದನ್ನೆತ್ತಲು ಹೋದರೆ ಎಣಿಕೆ ತಪ್ಪುತ್ತದೆ, ಹಾಳಾದ ಕೈ, ಮದುವೆಯಾಗಿ ಬಂದಾಗಿನಿಂದ ಕಂಡಕಂಡವರ ಸೀರೆಗೆ ಎಳೆ ಕೂಡಿಸಿತು, ತನ್ನದೇ ಒಂದು ಕೆಲಸ ಬಂತು ಅನ್ನುವಾಗ ಸತ್ತು ಮಲಗಿದೆ. ರೋಣದ ದವಾಖಾನೆಯಲ್ಲಿ ಆ ಎಳೆ ವಯಸ್ಸಿನ ಡಾಕ್ಟರಮ್ಮ ಸೂಜಿಯಿಂದ ಚುಚ್ಚಿ, ನೋವಾಗ್ತೈತೇನ್ರಿ ಅಂದಳು, ಇಲ್ಲ ಅಂದದ್ದಕ್ಕೆ ಅವಳ ಮುಖವೇ ಸಣ್ಣಗಾಯಿತು, ಮಣಿಕಟ್ಟಿನಾಗ ನರ ಒತ್ತೈತ್ರಿ, ಭಾಳ ತಡಾ ಮಾಡಿ ಬಂದೀರಿ, ಸೋಮವಾರ ಆಪರೇಶನ್ ಮಾಡೂಣು, ಆದ್ರ ಬೆರಳು ಮೊದಲಿನಂಗ ಆಗ್ತಾವಂತ ನಾ ಹೇಳಂಗಿಲ್ಲ, ಮಗ್ಗದ ಹೆಸರಂತೂ ತೆಗೀಬ್ಯಾಡ್ರಿ. ಎಷ್ಟು ಸಲೀಸಾಗಿ ಹೇಳಿಬಿಟ್ಟಳು, ಉಪ್ಪಿನಕಾಯಿ ತಿನ್ನಬೇಡಿ ಅಂದ ಹಾಗೆ. ಸೋಮವಾರ ಅಂದರೆ ನಾಳೆ, ಅದಕ್ಕೇ ಇವತ್ತು, ಇವತ್ತು ಬಿಟ್ಟರೆ ಇಲ್ಲ, ಈ ಸೀರೆ ನೂಲು ಕೊಟ್ಟು ನೇಯಿಸುವ ಸಾವಕಾರರದಲ್ಲ, ಅವಳದೇ, ಒಡಲನ್ನೆಲ್ಲ ಗಂಡ ಮಹಾದೇವಪ್ಪ ನೇಯ್ದು ಸೆರಗೊಂದನ್ನು ಬಿಟ್ಟು ಎದ್ದಿದ್ದಾನೆ, ನಿನ್ನ ಹುಚ್ಚು ನೀನ ತೀರಿಸ್ಕೋ ಮಾರಾಯ್ತಿ ಅಂದು ಬೆಳಿಗ್ಗೆಯೇ ಹೊಳೆಆಲೂರಿಗೆ ನೆಂಟರ ಮನೆಗೆ ಹೋದ, ಕೋಪದಿಂದಲ್ಲ, ನೋಡಲಾರದೆ ಹೋದ, ಅದೂ ಅವಳಿಗೆ ಗೊತ್ತು, ಗೊತ್ತಿದ್ದೂ ಸಿಟ್ಟು ಬರುತ್ತದೆ, ಈ ಸೀರೆಯನ್ನು ಇಪ್ಪತ್ತು ವರ್ಷದ ಹಿಂದೆಯೇ ಮಗ್ಗಕ್ಕೆ ಏರಿಸಿದ್ದರೆ ಏನಾಗುತ್ತಿತ್ತು?

ಆಗೆಲ್ಲ ಸಾವಕಾರರದು ಒಂದೇ ಮಾತು, ಮುಂದಿನ ಹಾಸಿನಾಗ ನೋಡೂಣು, ಮಗ್ಗಕ್ಕೆ ಮುಂದಿನ ಹಾಸುನೂಲು ಬಂದಾಗ ಅದರ ಮುಂದಿನದು, ಅವಳು ಕಂಡಿಕೆಗೆ ನೂಲು ಸುತ್ತುತ್ತ, ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತ ಕೂತಳು, ಸೆರಗಿನ ತುಂಬ ಅದೇ ಜೋಳದ ತೆನೆ, ಒಂದರ ಪಕ್ಕ ಒಂದು, ಕವಾಯತಿಗೆ ನಿಂತ ಸಾಲಿ ಮಕ್ಕಳ ಹಾಗೆ ನೆಟ್ಟಗೆ — ಜೋಳ ಎಲ್ಲಿ ಹಾಗೆ ನಿಲ್ಲುತ್ತದೆ, ಸಣ್ಣವಳಿದ್ದಾಗ ರಾಜೂರಿನ ಹೊಲದಲ್ಲಿ ಅವಳು ಕಂಡದ್ದೇ ಬೇರೆ, ಹಕ್ಕಿ ಓಡಿಸಲು ಅಟ್ಟದ ಮೇಲೆ ಕೂರಿಸಿದ್ದರು, ಕೈಯಲ್ಲಿ ಕವಣೆ, ಒಂದು ಗುಬ್ಬಿ ಬಂದು ಕೂತಿತು, ತೆನೆ ಮೆಲ್ಲಗೆ ಬಾಗಿತು, ಅಷ್ಟು ಸಣ್ಣ ಜೀವದ ಭಾರಕ್ಕೆ ಅಷ್ಟೇ ಬಾಗಿತು, ಅವಳು ಕವಣೆ ಮರೆತಳು, ಸೋದರಮಾವ ಮಾಳಪ್ಪ ಕೆಳಗಿನಿಂದ ಕೂಗಿದ, ಹೊಡೀ ಅಂದ್ರ ನೋಡ್ಕೋತ ಕುಂತೀಯಲ್ಲ, ಅವಕ್ಕ ಊಟಕ್ಕ ಬಡಸಾಕ ಕುಂದ್ರಿಸೀನೇನ ನಿನ್ನ! ಆವತ್ತಿನಿಂದ ಆ ಒಂದು ತೆನೆ ಕಣ್ಣಲ್ಲೇ ಇದೆ, ಸಾಲಿನಲ್ಲಿ ಒಂದೇ ಒಂದು ಬಾಗಿರಬೇಕು, ಮೇಲೊಂದು ಗುಬ್ಬಿ, ಇಷ್ಟೇ ಅವಳು ಕೇಳಿದ್ದು, ಸಾವಕಾರ ಶರಣಬಸಪ್ಪ ಎಲೆ ಅಡಿಕೆ ಅಗಿಯುತ್ತಲೇ ನಕ್ಕರು, ಬಾಗಿದ ತೆನಿ ಕಂಡ್ರ ಗಿರಾಕಿ ಎಳಿ ತಪ್ಪೈತಿ ಅಂತಾನವ್ವಾ, ಗುಬ್ಬಿ ಯಾರು ನೋಡ್ತಾರ. ಯಾರು ನೋಡುತ್ತಾರೆ, ಅವಳು ನೋಡುತ್ತಾಳೆ, ಅವಳು ಲೆಕ್ಕಕ್ಕಿಲ್ಲವೇ, ಬೆರಳು ಚುರುಕಾಗಿದ್ದಾಗ ಮಗ್ಗ ಬೇರೆಯವರದು, ಮಗ್ಗ ಸಿಕ್ಕಾಗ ಬೆರಳು ಬೇರೆಯವರದು, ಇದಕ್ಕೆ ಯಾರನ್ನು ಬೈಯಬೇಕು, ದೇವರನ್ನೋ ಸಾವಕಾರರನ್ನೋ, ಹಟ ಹಿಡಿಯದೆ ತೆಪ್ಪಗಿದ್ದ ತನ್ನ ಬಾಯಿಯನ್ನೋ —

ಅತ್ತೀ, ಚಾ ತಂದೀನ್ರಿ, ಸೊಸೆ ಪೂಜಾ ಬಂದು ನಿಂತದ್ದೇ ಕೇಳಿರಲಿಲ್ಲ, ಅವಳು ಬಗ್ಗಿ ನೋಡಿ, ಅಯ್ಯ, ಇಲ್ಲಿ ಎಳಿ ತಪ್ಪೈತಲ್ರಿ, ದಡಿ ಕಡೆ ತೆನಿ ಸೊಟ್ಟ ಆಗೇತಿ ನೋಡ್ರಿ. ಎಲ್ಲಿ? ದ್ರಾಕ್ಷಾಯಣಿ ಕನ್ನಡಕ ಏರಿಸಿದಳು. ನಡುವೆ ಬಾಗಬೇಕಾದ ತೆನೆ ನೆಟ್ಟಗೆ ನಿಂತಿದೆ, ಅಂಚಿನ ದಡಿಯ ಪಕ್ಕದ್ದು ಬಾಗಿದೆ, ಒಂದೆಂದು ಎತ್ತಿದ ಕಡೆಯೆಲ್ಲ ಎರಡು ಎಳೆ ಬಂದಿರಬೇಕು, ತಪ್ಪು ತೆನೆ, ಆದರೆ ಬಾಗಿದ ರೀತಿ ಅದೇ, ಖರೇ ಅದೇ, ಅಷ್ಟೇ ಭಾರಕ್ಕೆ ಅಷ್ಟೇ. ಬಿಚ್ಚಲೇನ್ರಿ? ಬ್ಯಾಡ, ಮುಟ್ಟಬ್ಯಾಡ, ಗುಬ್ಬಿಯನ್ನು ಅಲ್ಲೇ ಕೂರಿಸಿದರಾಯಿತು, ಬಿಳಿ ನೂಲಿನ ತುಂಡು, ಈ ಎಳೆ ಎತ್ತಬೇಕು, ಅದರಡಿಗೆ ತೂರಿಸಬೇಕು, ನೂಲು ಜಾರಿತು, ಮತ್ತೆ ಹಿಡಿದಳು, ಹಿಡಿದೆ ಅಂದುಕೊಂಡಳು, ಬೆರಳ ನಡುವೆ ಏನೂ ಇರಲಿಲ್ಲ, ನೂಲು ಮಡಿಲಲ್ಲಿ ಬಿದ್ದಿತ್ತು, ನಾ ಹಾಕ್ಲೇನ್ರಿ ಅತ್ತಿ, ಒಂದ ಗಳಿಗಿ ಆಗ್ತೈತಿ. ಕೈ ತೆಗಿ! ಹುಡುಗಿ ಬೆಚ್ಚಿ ಹಿಂದೆ ಸರಿದಳು, ಪಾಪ, ಅವಳದೇನು ತಪ್ಪು, ಒಳ್ಳೆ ಮನಸ್ಸಿನಿಂದಲೇ ಅಂದಳು, ಅವಳು ಹಾಕಿದರೆ ಗುಬ್ಬಿ ಚೆನ್ನಾಗಿಯೇ ಬರುತ್ತದೆ, ಅದು ಪೂಜಾಳ ಗುಬ್ಬಿ, ಚಹಾ ಆರಿತು, ಮತ್ತೆ ಎತ್ತಿದಳು, ಮತ್ತೆ ಜಾರಿತು, ಕಿಟಕಿಯ ಬೆಳಕು ಕೆಂಪಿನ ಮೇಲಿಂದ ಸರಿಯತೊಡಗಿತು, ಇನ್ನೊಮ್ಮೆ, ನಾಳೆ ಸೋಮವಾರ, ಇನ್ನೊಮ್ಮೆ — ತೆನೆ ಬಾಗಿದೆ, ಬಾಗಿಯೇ ಇದೆ, ಮೇಲೆ ಗುಬ್ಬಿ ಇಲ್ಲ.