ತಟ್ಟೆಯಲ್ಲಿ ನನ್ನ ಗಂಟಲು

ನನ್ನ ಗಂಟಲಿನಷ್ಟು ಚೊಕ್ಕಟವಾದ ಗಂಟಲು ಈ ಭೂಮಂಡಲದಲ್ಲೇ ಇಲ್ಲ ಎಂದು ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಹಾಗೆಂದು ಒಪ್ಪಿಕೊಂಡವಳು ಸ್ವತಃ ನನ್ನ ಸೊಸೆ. ಅತ್ತೆಯನ್ನು ಸೊಸೆ ಹೊಗಳುವುದೆಂದರೆ ಮೇಕೆ ಹಾಡಿದ ಹಾಗೆ, ಬಿಟ್ಟರೆ ಸಿಗುವುದಿಲ್ಲ. ಅವಳು ಪ್ರಯೋಗಾಲಯದಲ್ಲಿ ಗಂಟಲುಮಾರಿಯ ಹುಳ ಸಾಕುತ್ತಾಳೆ. ಡಿಫ್ತೀರಿಯಾ ಎನ್ನುತ್ತಾರಲ್ಲ, ಅದರ ಹುಳ. ಜನ ಕೋಳಿ ಸಾಕುತ್ತಾರೆ, ಹಸು ಸಾಕುತ್ತಾರೆ. ಇವಳು ಕಣ್ಣಿಗೇ ಕಾಣದ್ದನ್ನು ಸಾಕಿ, ಗಾಜಿನ ತಟ್ಟೆಯಲ್ಲಿ ರಕ್ತ ಬೆರೆಸಿದ ಊಟ ಹಾಕಿ, ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿಸಿ ಬರುತ್ತಾಳೆ. ಮನೆಯಲ್ಲಿ ನನಗೆ ಟೀ ಒಂದು ದಿನವೂ ಬೆಚ್ಚಗೆ ಸಿಗುವುದಿಲ್ಲ, ಅದು ಬೇರೆ ಮಾತು.

ಕಾಯಿಲೆಯವರ ಗಂಟಲಿನ ಪಕ್ಕದಲ್ಲಿಟ್ಟು ನೋಡಲು ಅವರಿಗೆ ಕಾಯಿಲೆಯಿಲ್ಲದ ಗಂಟಲೂ ಬೇಕಾಗುತ್ತದೆ. ದಾರಿಯಲ್ಲಿ ಹೋಗುವವರನ್ನು ಹಿಡಿದು ಬಾಯಿ ತೆಗೆಸಲಾಗುತ್ತದೆಯೇ? ಹಾಗಾಗಿ ಅಲ್ಲಿ ಕೆಲಸ ಮಾಡುವವರು ತಮ್ಮ ತಮ್ಮ ಮನೆಯವರ ಗಂಟಲನ್ನೇ ತರುವುದು ರೂಢಿ. ಒಬ್ಬಳು ಗಂಡನದನ್ನು ತರುತ್ತಾಳೆ, ಇನ್ನೊಬ್ಬ ತಂಗಿಯದನ್ನು. ನನ್ನ ಸೊಸೆ ಅತ್ತೆಯದನ್ನು. ತಿಂಗಳಿಗೊಮ್ಮೆ ತುದಿಗೆ ಹತ್ತಿ ಸುತ್ತಿದ ಕಡ್ಡಿ ಹಿಡಿದುಕೊಂಡು ಬಂದು, ಆ ಅನ್ನಿ ಎನ್ನುತ್ತಾಳೆ. ಮದುವೆಯಾದಾಗಿನಿಂದ ನನ್ನ ಬಾಯಿ ಮುಚ್ಚಿಸಲು ನೋಡಿದವಳು ಈಗ ತೆಗೆಯಿರಿ ಎಂದು ಬೇಡಿಕೊಳ್ಳುತ್ತಾಳಲ್ಲ ಎಂದು ನಾನು ಮಗನಿಗೆ ಹೇಳುತ್ತಿದ್ದೆ. ಮಗ ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಸದಾ ಹಲ್ಲಲ್ಲಿ ಒಂದು ಸ್ಕ್ರೂ ಕಚ್ಚಿಕೊಂಡಿರುವುದರಿಂದ ಅವನು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಜಾಣ, ಅವನಪ್ಪನ ಹಾಗೆ.

ನಾಲ್ಕನೆಯವಳು ಮೊಮ್ಮಗಳು. ಮೂರನೇ ತಿಂಗಳಿನ ಕೂಸು. ದಿನ ತುಂಬುವ ಮೊದಲೇ ಅವಸರದಲ್ಲಿ ಬಂದವಳು. ಹುಟ್ಟಿದಾಗ ನನ್ನ ಕನ್ನಡಕದ ಡಬ್ಬಿಯಲ್ಲಿ ಮಲಗಿಸಿ ಮುಚ್ಚಳ ಹಾಕಬಹುದಿತ್ತು, ಅಷ್ಟೇ ಇದ್ದಳು. ನಾನು ಅವಳನ್ನು ಮೆಣಸಿನಕಾಳು ಎಂದು ಕರೆಯುತ್ತಿದ್ದೆ. ಮೊದಲ ಚುಚ್ಚುಮದ್ದಿಗೆ ಕರೆದುಕೊಂಡು ಹೋದಾಗಲೆಲ್ಲ ಅವಳಿಗೆ ಒಂದೋ ಜ್ವರ, ಇಲ್ಲವೋ ಭೇದಿ. ಮುಂದಿನ ವಾರ ಬನ್ನಿ, ಮುಂದಿನ ವಾರ ಬನ್ನಿ ಎಂದು ಹಿಂದಕ್ಕೆ ಕಳಿಸುತ್ತಿದ್ದರು. ಹೀಗೆ, ಊರಿಗೆಲ್ಲ ಗಂಟಲುಮಾರಿಯ ಪಾಠ ಹೇಳುವವಳ ಮಗಳಿಗೇ ಆ ಸೂಜಿ ಬಿದ್ದಿರಲಿಲ್ಲ. ಬಡಗಿಯ ಮನೆಯಲ್ಲೇ ಮುರಿದ ಮಣೆ ಎಂದು ನಾನು ನಗೆಯಾಡುತ್ತಿದ್ದೆ.

ಒಂದು ಸಂಜೆ ಸೊಸೆ ಬಂದವಳೇ ಕೈ ತೊಳೆದುಕೊಂಡು ನನ್ನ ಮಡಿಲಿನಿಂದ ಮೆಣಸಿನಕಾಳನ್ನು ಎತ್ತಿಕೊಂಡುಬಿಟ್ಟಳು. ನಾನು ಆಗ ಮಗುವಿನ ಕೆನ್ನೆಗೆ ಮುತ್ತಿಡುತ್ತಿದ್ದೆ. ಅರ್ಧ ಮುತ್ತು ಗಾಳಿಯಲ್ಲೇ ಉಳಿಯಿತು. ಮಗುವನ್ನು ಗಂಡನ ಕೈಗೆ ಕೊಟ್ಟು, ಕಡ್ಡಿ ತೆಗೆದುಕೊಂಡು ಬಂದು ಆ ಅನ್ನಿ ಎಂದಳು.

"ಮೊನ್ನೆ ತಾನೆ ತಗೊಂಡು ಹೋದೆಯಲ್ಲೇ. ನನ್ನ ಗಂಟಲೇನು ಎರಡು ಹೊತ್ತು ಹಾಲು ಕೊಡೋ ಎಮ್ಮೇನಾ?"

ಅವಳು ನಗಲಿಲ್ಲ. ಯಾವತ್ತೂ ಮೃದುವಾಗಿ ಮುಟ್ಟಿ ತೆಗೆಯುವವಳು ಅವತ್ತು ಎರಡೂ ಬದಿಗೆ ಒತ್ತಿ ಒತ್ತಿ ಒರೆಸಿದಳು. ನನ್ನ ಕಣ್ಣಲ್ಲಿ ನೀರು ಬಂತು. ಕಡ್ಡಿಯನ್ನು ಕೊಳವೆಗೆ ಹಾಕಿ, ಮುಚ್ಚಳವನ್ನು ಒಂದಕ್ಕೆ ಮೂರು ಸಲ ತಿರುಗಿಸಿ ನೋಡಿದಳು. ತಂತಿಯ ತುದಿಯಲ್ಲಿ ಯಮನನ್ನೇ ಎತ್ತಿ ಆಚೆಯಿಂದ ಈಚೆಗೆ ಇಡುವ ಕೈ ಅದು, ಎಂದೂ ಎರಡನೆಯ ಸಲ ತಿರುಗಿಸಿದ್ದಲ್ಲ. ನಿಮಗೆ ನೆಗಡಿ ಇದ್ದ ಹಾಗಿದೆ, ಸ್ವಲ್ಪ ದಿನ ಪಾಪುವನ್ನು ಎತ್ತಿಕೊಳ್ಳುವುದು ಬೇಡ ಎಂದಳು. ನನಗೆ ನೆಗಡಿ ಇರಲಿಲ್ಲ.

ಮರುದಿನ ಅಡುಗೆಮನೆಗೆ ಹೋದರೆ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಒಳಗೆ ಇಣುಕಿದೆ. ನನ್ನ ಲೋಟ. ಎಷ್ಟು ಹೊತ್ತು ಬೆಂದರೆ ಮೆತ್ತಗಾಗುತ್ತದೆ, ಉಪ್ಪು ಹಾಕಿದೆಯಾ ಎಂದು ಕೇಳಿದೆ. ಸೊಸೆ ಒಲೆ ಆರಿಸಿ, ನನ್ನಿಂದ ಒಂದು ಮಾರು ದೂರ ನಿಂತು ಹೇಳಿದಳು.

"ಅತ್ತೆ, ನಿಮ್ಮ ತಟ್ಟೇಲಿ ಕರಿ ಚುಕ್ಕೆ ಬಂದಿದೆ."

ಅವರು ಹಾಕುವ ಆ ಊಟದಲ್ಲಿ ಬೇರೆ ಹುಳಗಳು ಬದುಕುವುದು ಕಷ್ಟವಂತೆ. ಗಂಟಲುಮಾರಿಯ ಹುಳ ಮಾತ್ರ ಕರೀ ಸಾಸಿವೆ ಚೆಲ್ಲಿದ ಹಾಗೆ ಏಳುತ್ತದಂತೆ. ಆದರೆ ಇನ್ನೊಂದು ದಾರಿಯೂ ಇದೆ ಎಂದಳು. ಪ್ರಯೋಗಾಲಯದಲ್ಲಿ ಮೊದಲು ಚೊಕ್ಕಟ ಗಂಟಲುಗಳ ಕೆಲಸ ಮುಗಿಸಿ, ಆಮೇಲೆ ಹುಳಗಳ ತಟ್ಟೆ ತೆಗೆಯಬೇಕು. ಅದು ನಿಯಮ. ಆವತ್ತು ಅವಳ ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು, ಮನೆಗೆ ಓಡಿ ಬಂದು ಮಗುವಿಗೆ ಕುಡಿಸುವ ಧಾವಂತ. ಹುಳಗಳ ತಟ್ಟೆಗಳು ಹೇಗೂ ಮೇಜಿನ ಮೇಲಿದ್ದವು, ಮೊದಲು ಅವನ್ನು ಮುಗಿಸಿ ಕೊನೆಗೆ ನನ್ನ ಗಂಟಲಿನದನ್ನು ಬಳಿದಳು. ಹಾಗಾಗಿ ಆ ಚುಕ್ಕೆ ನನ್ನ ಗಂಟಲಿನಿಂದ ಬಂದಿರಬಹುದು, ಇಲ್ಲವೇ ಅವಳ ಕೈಯಿಂದ. ಅವರ ದೊಡ್ಡ ಸಾಹೇಬರಿಗೆ ಇದನ್ನೆಲ್ಲ ಹೇಳಿ ಬೈಸಿಕೊಂಡಿದ್ದಾಳೆ. ಎರಡನೆಯ ಕಡ್ಡಿಯನ್ನು ಅವರೇ ಬೇರೆ ಕೋಣೆಯಲ್ಲಿ, ಬೇರೆ ಮೇಜಿನ ಮೇಲೆ ಬಳಿದಿದ್ದಾರೆ.

"ನನ್ನ ಕೈದೇ ತಪ್ಪಾಗಿರಲಿ ಅಂತ ಕೇಳ್ಕೊಳ್ತಾ ಇದೀನಿ," ಎಂದಳು.

ತನ್ನ ತಪ್ಪೇ ನಿಜವಾಗಲಿ ಎಂದು ಹರಕೆ ಹೊರುವ ಹೆಂಗಸನ್ನು ನಾನು ಅವತ್ತೇ ಮೊದಲು ನೋಡಿದ್ದು. ನನಗೂ ಅದೇ ಆಸೆಯಾಯಿತು. ಸೊಸೆಯ ತಪ್ಪು ಹುಡುಕುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ, ಆದರೆ ಅಷ್ಟು ಹಂಬಲಿಸಿ ಎಂದೂ ಹುಡುಕಿರಲಿಲ್ಲ.

ನನಗೆ ಈ ಕಾಯಿಲೆ ಪುಸ್ತಕದಿಂದ ಗೊತ್ತಿದ್ದದ್ದಲ್ಲ. ನಾನು ಲಂಗ ತೊಡುವ ವಯಸ್ಸಿನಲ್ಲಿ ನನ್ನ ತಂಗಿಯನ್ನು ಇದೇ ಕೊಂಡೊಯ್ದಿತ್ತು. ಕುತ್ತಿಗೆ ಊದಿ ಊದಿ ಗಲ್ಲವೂ ಎದೆಯೂ ಒಂದಾದವು. ಮಾತು ನಿಂತಿತು. ಆಮೇಲೆ ಉಸಿರು ಮಾತ್ರ, ಒದ್ದೆ ಮರವನ್ನು ಗರಗಸದಲ್ಲಿ ಕೊಯ್ದ ಹಾಗೆ. ಆ ಸದ್ದು ನಿಂತಾಗ ನಾನು ಅಬ್ಬಾ ಎಂದುಕೊಂಡು ನಿದ್ದೆ ಹೋಗಿದ್ದೆ. ಎಲ್ಲವನ್ನೂ ಹತ್ತುಪಟ್ಟು ಮಾಡಿ ಹೇಳುವ ನಾನು ಇದೊಂದನ್ನು ಯಾರಿಗೂ ದೊಡ್ಡದು ಮಾಡಿ ಹೇಳಿದವಳಲ್ಲ. ಇದ್ದಷ್ಟೇ ಸಾಕು.

ಎರಡನೆಯ ತಟ್ಟೆಯ ಸುದ್ದಿ ಫೋನಿನಲ್ಲಿ ಬಂತು. ಮಗ ಬಾಯಿಂದ ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟ. ಅವನು ಸ್ಕ್ರೂ ತೆಗೆದನೆಂದರೆ ದೊಡ್ಡ ಮಾತೇ ಇರಬೇಕು.

"ನಿನ್ನ ಗಂಟಲಲ್ಲೇ ಇದೆಯಂತಮ್ಮ."

ಅಂದೇ ನಾನು ಹಿಂದಿನ ಕೋಣೆ ಸೇರಿದೆ. ಕೈ ಮುರಿದ, ಕಾಲು ಮುರಿದ ಹೊಲಿಗೆ ಯಂತ್ರಗಳನ್ನು ಮಗ ಅಲ್ಲಿ ಗುಡ್ಡೆ ಹಾಕಿದ್ದ. ಅವುಗಳ ನಡುವೆ ನಾನೂ ಒಂದು. ನನಗೆ ಮಾತ್ರೆ, ಮಗ ಸೊಸೆಗೆ ಮಾತ್ರೆ, ಕೂಸಿಗೂ ಔಷಧದ ಹನಿ. ಮಕ್ಕಳ ಡಾಕ್ಟರು ಕೂಸಿನ ಗಂಟಲನ್ನು ನೋಡಿ, ಬೂದಿ ಬಣ್ಣದ ಪೊರೆ ಏನೂ ಕಟ್ಟಿಲ್ಲ, ಆದರೂ ಕಡ್ಡಿ ಕಳಿಸೋಣ ಎಂದರಂತೆ. ಉಸಿರಿನಲ್ಲಿ ಏನಾದರೂ ಸದ್ದು ಬಂದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ತನ್ನಿ ಎಂದರಂತೆ. ಮಾತ್ರೆ ಹುಳವನ್ನು ಕೊಲ್ಲುತ್ತದೆ, ಹುಳ ಆಗಲೇ ಕಕ್ಕಿದ ವಿಷವನ್ನು ಹಿಂದಕ್ಕೆ ತೆಗೆಯುವುದಿಲ್ಲ.

ಈ ಹುಳದಲ್ಲಿ ಎರಡು ಜಾತಿ. ಒಂದಕ್ಕೆ ವಿಷವಿದೆ, ಒಂದಕ್ಕಿಲ್ಲ. ನೋಡಲು ಎರಡೂ ಒಂದೇ. ನನ್ನದು ಯಾವುದೆಂದು ತಿಳಿಯಲು ಇನ್ನೊಂದು ಪರೀಕ್ಷೆ ಇತ್ತು. ಸೊಸೆ ಬಾಗಿಲ ಆಚೆ ನೆಲದ ಮೇಲೆ ಕೂತು ಅದನ್ನು ವಿವರಿಸಿದಳು. ವಿಷಕ್ಕೆ ಎದುರಾದ ಮದ್ದಿನಲ್ಲಿ ಒಂದು ಕಾಗದದ ಪಟ್ಟಿ ಅದ್ದಿ ತಟ್ಟೆಯಲ್ಲಿಡುತ್ತಾರೆ. ಅದಕ್ಕೆ ಅಡ್ಡವಾಗಿ ನನ್ನ ಹುಳವನ್ನು ಗೀಚುತ್ತಾರೆ. ವಿಷ ಇದ್ದರೆ, ವಿಷವೂ ಮದ್ದೂ ಸಂಧಿಸಿದ ಕಡೆ ಬಿಳಿ ಗೆರೆ ಮೂಡುತ್ತದೆ. ಬೆಕ್ಕಿನ ಮೀಸೆಯಷ್ಟು ತೆಳು. ಆ ಮೀಸೆಗಾಗಿ ನಾವು ಕಾಯಬೇಕು.

ನಾನು ಎಲ್ಲಾದರೂ ಹೋಗಿಬಿಡುತ್ತೇನೆ, ಮಗಳ ಮನೆಗೋ ಎಲ್ಲಿಗೋ, ಬಸ್ಸು ಹತ್ತಿಸಿಬಿಡು ಎಂದೆ.

"ಬಸ್ಸಲ್ಲಿರೋ ಪಾಪುಗಳು ಪಾಪುಗಳಲ್ವಾ ಅತ್ತೆ?"

ಕಟ್ಟಿಟ್ಟಿದ್ದ ಗಂಟನ್ನು ನಾನೇ ಬಿಚ್ಚಿ, ಸೀರೆಗಳನ್ನು ಮುರಿದ ಯಂತ್ರಗಳ ಮೇಲೆ ಹರವಿದೆ.

ಗೋಡೆಯ ಆಚೆ ಮೆಣಸಿನಕಾಳು ಕೆಮ್ಮಲು ಶುರುಮಾಡಿದಳು. ಬೆಕ್ಕಿನ ಮರಿ ಸೀನಿದಷ್ಟು ಸಣ್ಣ ಕೆಮ್ಮು. ನನಗೆ ಗುಡ್ಡ ಕುಸಿದ ಹಾಗೆ ಕೇಳಿಸಿತು. ಒಂದು ಕೆಮ್ಮಿಗೂ ಇನ್ನೊಂದಕ್ಕೂ ನಡುವೆ ಗೋಡೆಗೆ ಕಿವಿಯಿಟ್ಟು ಅವಳ ಉಸಿರನ್ನು ಹುಡುಕುತ್ತಿದ್ದೆ. ಮಗ ಅಂಗಡಿಯಲ್ಲಿ ಯಂತ್ರ ತಿರುಗಿಸಿದರೆ ಕೂಗಿ ನಿಲ್ಲಿಸುತ್ತಿದ್ದೆ, ಆ ಕರಕರ ಯಂತ್ರದ್ದೋ ಮಗುವಿನದೋ ತಿಳಿಯುತ್ತಿರಲಿಲ್ಲ. ಕಡೆಗೆ ಅವನು ಅಂಗಡಿಯ ಬಾಗಿಲನ್ನೇ ಹಾಕಿದ. ಬೆಳಗ್ಗೆ ಬಾಗಿಲ ಸಂದಿಯಿಂದ, ಹಾಲು ಕುಡಿದಳಾ ಎಂದು ಕೇಳಿದೆ. ಕುಡಿದಳು ಎಂದ ಮಗ. ಮಧ್ಯಾಹ್ನ ಕೇಳಿದೆ. ಕುಡೀತಾಳೆ ಬಿಡಮ್ಮ ಎಂದ. ಕುಡಿದಳು ಎಂಬುದಕ್ಕೂ ಕುಡಿಯುತ್ತಾಳೆ ಎಂಬುದಕ್ಕೂ ನಡುವೆ ಎಷ್ಟು ದೊಡ್ಡ ಬಾವಿ ಇದೆಯೆಂದು ಮಕ್ಕಳನ್ನು ಸಾಕಿದವರಿಗೆ ಹೇಳಬೇಕಿಲ್ಲ.

ನಾನು ನನ್ನ ಉಸಿರಿಗೇ ಹೆದರತೊಡಗಿದೆ. ಬಾಗಿಲ ಕಡೆ ಬೆನ್ನು ಹಾಕಿ, ಕಿಟಕಿಯ ಆಚೆಗೆ ಉಸಿರು ಬಿಡುತ್ತಿದ್ದೆ. ಈ ಬಾಯಿಯಿಂದ ಆ ಕೆನ್ನೆಗೆ, ಆ ಮೂಗಿಗೆ, ಆ ಬೆರಳುಗಳಿಗೆ ಎಷ್ಟು ಸಾವಿರ ಮುತ್ತು ಕೊಟ್ಟಿದ್ದೇನೋ. ಒಂದೊಂದೂ ಈಗ ನೆನಪಾಗಿ, ಒಂದೊಂದರ ಜಾಗದಲ್ಲೂ ಒಂದು ಕರಿ ಚುಕ್ಕೆ ಕಾಣುತ್ತಿತ್ತು.

ಮೊದಲ ದಿನ ನೋಡಿದಾಗ ಗೆರೆ ಇರಲಿಲ್ಲ. ವಿಷವಿದೆಯೆಂದು ಮೊದಲೇ ಗೊತ್ತಿದ್ದ ಹುಳವನ್ನು ಪಕ್ಕದಲ್ಲಿ ಗೀಚಿದ್ದರಂತೆ, ಅದಕ್ಕೆ ಆಗಲೇ ಮೀಸೆ ಬಂದಿತ್ತು. ದೊಡ್ಡ ಸಾಹೇಬರು ಇನ್ನೊಂದು ದಿನ ಕಾಯಬೇಕು, ಕೆಲವು ನಿಧಾನಕ್ಕೆ ಕಕ್ಕುತ್ತವೆ ಎಂದರಂತೆ. ಆ ಇನ್ನೊಂದು ದಿನ ಒಂದು ಯುಗವಾಗಿತ್ತು ಎಂದರೆ, ಇಲ್ಲಿ ಮಾತ್ರ ನಾನು ಹುಲಿಯನ್ನು ಇಲಿ ಮಾಡಿ ಹೇಳಿದ ಹಾಗಾದೀತು.

ಸೊಸೆ ಹೊತ್ತಿಗೆ ಮುಂಚೆಯೇ ಮನೆಗೆ ಬಂದಳು. ಚಪ್ಪಲಿಯ ಸದ್ದಿನಲ್ಲಿ ಏನಾದರೂ ಇದೆಯೇ ಎಂದು ಕಿವಿಗೊಟ್ಟೆ. ಏನೂ ಇರಲಿಲ್ಲ. ಬಾಗಿಲ ಆಚೆ ನಿಂತಳು.

"ಗೆರೆ ಬಂದಿಲ್ಲ ಅತ್ತೆ. ನಿಮ್ಮದಕ್ಕೆ ವಿಷ ಇಲ್ಲ. ಪಾಪು ತಟ್ಟೇಲಿ ಚುಕ್ಕೇನೇ ಇಲ್ಲ."

ಇನ್ನೊಂದು ಸಲ ಹೇಳು ಎಂದೆ. ಹೇಳಿದಳು. ಕೆಮ್ಮು ಬರೀ ನೆಗಡಿಯದ್ದು ಎಂದಳು. ಅಂಗಡಿಯಲ್ಲಿ ಏನೋ ದಢಾರನೆ ಬಿತ್ತು. ಮಗ ಎತ್ತುತ್ತಿದ್ದ ಯಂತ್ರವನ್ನು ಕೈಬಿಟ್ಟಿದ್ದ. ಅದರ ಹಿಂದೆಯೇ ಅವನ ನಗು ಕೇಳಿಸಿತು. ಹಾಗಾದರೆ ಬಾಗಿಲು ತೆಗೆ, ಮಗುವನ್ನು ಕೊಡು ಎಂದೆ. ಸೊಸೆ ಬಾಗಿಲು ತೆಗೆಯಲಿಲ್ಲ.

ಆಗ ಅವಳು ತನ್ನ ಕೆಲಸದ ಒಳಗುಟ್ಟನ್ನು ಹೇಳಿದಳು. ವಿಷವಿಲ್ಲದ ಹುಳಕ್ಕೆ ವಿಷ ಎಲ್ಲಿಂದ ಬರುತ್ತದೆ ಎಂಬುದನ್ನೇ ಅವಳು ಇಷ್ಟು ವರ್ಷ ಹುಡುಕುತ್ತಿರುವುದು. ಹುಳಕ್ಕಿಂತಲೂ ಸಣ್ಣದೊಂದು ಇದೆ. ಅದು ವಿಷದ ಗುಟ್ಟನ್ನು ಹೊತ್ತುಕೊಂಡು ಒಂದು ಹುಳದಿಂದ ಇನ್ನೊಂದಕ್ಕೆ ಹೋಗುತ್ತದೆ. ಚಾಡಿ ಮಾತಿನ ಹಾಗೆ. ಅದು ಕಿವಿಗೆ ಬಿದ್ದ ಮೇಲೆ ಸಾಧು ಹುಳವೂ ವಿಷ ಕಕ್ಕುತ್ತದೆ.

"ದಿನಾ ನಾನು ಮುಟ್ಟೋದು ವಿಷ ಇರೋದನ್ನ. ನಿಮ್ಮ ಗಂಟಲಲ್ಲಿರೋದು ಇಲ್ಲದ್ದು. ಎರಡೂ ಈ ಮನೇಲಿ ಸೇರೋದು ಬೇಡ."

ಹಾಗಾಗುವುದು ಕೋಟಿಗೊಂದು ಎಂದಳು. ಒಂದನ್ನು ಕೋಟಿ ಮಾಡುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದದ್ದು, ಆದರೆ ಕೋಟಿಯನ್ನು ಒಂದು ಮಾಡುವುದು ನನಗೆ ಆವತ್ತೂ ಬರಲಿಲ್ಲ. ನನ್ನ ಗಂಟಲು ಎರಡು ತಟ್ಟೆಯಲ್ಲಿ ಚೊಕ್ಕಟವಾಗುವವರೆಗೆ ಪ್ರಯೋಗಾಲಯದ ಆ ಮೇಜಿನ ಬಳಿ ಹೋಗುವುದಿಲ್ಲವೆಂದು ಅವಳು ರಜೆ ಹಾಕಿದಳು. ಅತ್ತೆ ಸೊಸೆ ಒಬ್ಬರಿಗೊಬ್ಬರು ಹೆದರುವುದು ಜಗತ್ತಿಗೇನೂ ಹೊಸದಲ್ಲ. ನಾವಿಬ್ಬರು ಮಾತ್ರ ಒಬ್ಬರ ಉಸಿರಿಗೆ ಒಬ್ಬರು ಹೆದರಿ, ಅವಳು ಬಾಗಿಲ ಆಚೆ, ನಾನು ಈಚೆ, ಮಾತ್ರೆ ಮುಗಿಯುವವರೆಗೆ ಬದುಕಿದೆವು. ಅಷ್ಟರಲ್ಲಿ ಮಗುವಿಗೆ ಸೂಜಿಯೂ ಬಿತ್ತು. ಕೂಸು ಅತ್ತದ್ದು ಗೋಡೆಯ ಈಚೆಗೂ ಕೇಳಿಸಿತು.

ಎರಡು ತಟ್ಟೆಯೂ ಖಾಲಿ ಬಂದ ದಿನ ಸೊಸೆ ಬಾಗಿಲು ತೆಗೆದು ಮಗುವನ್ನು ನನ್ನ ಮಡಿಲಲ್ಲಿಟ್ಟಳು. ಬೇಕಾಗಿಲ್ಲ ಎಂದರೂ ಕೇಳದೆ ನಾನು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೆ, ಮೇಲಿಂದ ಉಸಿರನ್ನೂ ಹಿಡಿದುಕೊಂಡಿದ್ದೆ. ಮೆಣಸಿನಕಾಳು ನನ್ನನ್ನು ನೋಡಿದಳು. ಅರ್ಧ ಮುಖವೇ ಇಲ್ಲದ ಈ ಭೂತ ಯಾವುದೆಂದು ಅವಳಿಗೆ ಗುರುತು ಸಿಗಲಿಲ್ಲ. ತುಟಿ ಅದುರಿತು. ಇದ್ದಷ್ಟು ಬಾಯಿ ತೆರೆದು ಚೀರಿದಳು.

"ಯಾಕತ್ತೆ ಅಳಿಸ್ತೀರಾ, ಆ ಬಟ್ಟೆ ತೆಗೀರಿ," ಎಂದಳು ಸೊಸೆ.

"ಇರು," ಎಂದೆ.

ಮಗುವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ. ತೆರೆದ ಬಾಯೊಳಗೆ ಎಲ್ಲ ಕಾಣುತ್ತಿತ್ತು. ಹಲ್ಲಿಲ್ಲದ ಒಸಡು, ನಡುಗುವ ನಾಲಿಗೆ, ಅದರ ಹಿಂದೆ ಅಕ್ಕಿಕಾಳಿನಷ್ಟು ಕಿರುನಾಲಿಗೆ. ಎಲ್ಲ ಕೆಂಪು, ಎಲ್ಲ ಒದ್ದೆ. ಪೊರೆಯಿಲ್ಲ, ಬೂದಿಯಿಲ್ಲ, ಒಂದು ಚುಕ್ಕೆಯಿಲ್ಲ. ಸೊಸೆಗೆ ಅರ್ಥವಾಯಿತು. ಅವಳೂ ನನ್ನ ಭುಜದ ಮೇಲಿಂದ ಬಗ್ಗಿದಳು. ಮುಂದಿನ ಕೋಣೆಯಿಂದ ಮಗ, ಇಬ್ಬಿಬ್ಬರಿದ್ದೂ ಮಗುವನ್ನು ಯಾಕೆ ಸುಮ್ಮನಿರಿಸುತ್ತಿಲ್ಲ ಎಂದು ಕೂಗಿ ಕೇಳಿದ. ಉಸಿರೆಳೆದುಕೊಳ್ಳಲು ಮಗು ಒಂದು ಕ್ಷಣ ಬಾಯಿ ಮುಚ್ಚಿದಳು. ಅವಳು ಮತ್ತೆ ಅಳಲೆಂದು ನಾವಿಬ್ಬರೂ ಕಾದೆವು.