ಕೊರಳಲ್ಲಿದ್ದ ಬ್ಯಾಡ್ಜ್

ನಾರ್ವೆಯ ಬರ್ಗೆನ್ ಬಂದರಿನಲ್ಲಿ, ಬೆಂಚಿನ ಮೇಲೆ ಕೂತು ಇಂದುಮತಿ ಮಗಳಿಗೆ ಚಪಾತಿ ಸುತ್ತಿ ಕೊಡುತ್ತಿದ್ದಳು. ಮೀನು ಮಾರುಕಟ್ಟೆಯ ಪಕ್ಕ ಬೆನ್ನು ತಿರುಗಿಸಿ ನಿಂತಿದ್ದ ಗಂಡ ಶ್ಯಾಮ್, ಫೋನಿನಲ್ಲಿ ಬರೀ 'ಓಕೆ, ಓಕೆ' ಅನ್ನುವುದು ಕೇಳಿಸುತ್ತಿತ್ತು. ಬಂದು ಕೂತ. ಒಂದು ಚಪಾತಿ ಪೂರ್ತಿ ತಿಂದ.

"ಏನಂತ್ರೀ?"

"ಸೋಮವಾರದಿಂದ ಬರೋದು ಬೇಡವಂತೆ. ಬ್ಯಾಡ್ಜ್ ಕೊರಿಯರ್ ಮಾಡ್ಬೇಕಂತೆ." ನಕ್ಕ. "ನಾರ್ವೆಯಿಂದಾನೇ ಕಳಿಸ್ಲಾ ಅಂತ ಕೇಳ್ಬೇಕಿತ್ತು."

ಎದುರಿಗೆ ಕೆಂಪು, ಹಳದಿ ಮರದ ಮನೆಗಳು ವಸಂತದ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದವು. ಡೆಟ್ರಾಯ್ಟ್ ಪಕ್ಕದ ವಾರೆನ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಶ್ಯಾಮ್‌ಗೆ ಕೆಲಸವಿರುವವರೆಗೆ ಇಬ್ಬರಿಗೂ ಅಮೆರಿಕದ ವೀಸಾ. ದೇಶದ ಹೊರಗಿದ್ದಾಗ ಕೆಲಸ ಹೋದರೆ ವಿಮಾನ ನಿಲ್ದಾಣದಿಂದಲೇ ವಾಪಸು ಅಟ್ಟಬಹುದು. ಮನೆ, ಅನುವಿನ ಸ್ಕೂಲು, ಹೆಪ್ಪು ಹಾಕಲು ಫ್ರಿಜ್ಜಿನಲ್ಲಿ ಎತ್ತಿಟ್ಟ ಮೊಸರು, ಎಲ್ಲ ಆಚೆ ದಡದಲ್ಲಿ.

ಹೇಳುವವರು ಹೇಳಿದ್ದರು. ಷಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್‌ನ ಸತ್ಯನಾರಾಯಣ ಅಂಕಲ್ ಮನೆಯಲ್ಲಿ ಕಾರು ಬಿಟ್ಟು ವಿಮಾನಕ್ಕೆ ಹೊರಟಾಗ ಅವರು, "ಈ ರಿಸೆಶನ್‌ನಲ್ಲಿ ಡೆಟ್ರಾಯ್ಟ್ ಕಡೆಯೋರು ನದಿ ದಾಟಿ ಕೆನಡಾಕ್ಕೂ ಹೋಗ್ತಿಲ್ಲ ಕಣಮ್ಮ. ನೀವು ನೋಡಿದ್ರೆ ಸಮುದ್ರ ದಾಟ್ತಿದೀರ!" ಅಂದಿದ್ದರು.

"ಲೆಮಾಂಟ್ ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿದೀವಿ ಅಂಕಲ್. ಏನೂ ಆಗಲ್ಲ," ಅಂದವಳು ಇಂದುಮತಿಯೇ. ಹೋಗಲೇಬೇಕೆಂದು ಹಟ ಹಿಡಿದವಳೂ ಅವಳೇ.

"ಇಮಿಗ್ರೇಶನ್ ಆಫೀಸರ್ ಕೇಳಿದ್ರೆ ಕೆಲಸ ಇದೆ ಅನ್ನೋದು," ಅಂದ ಶ್ಯಾಮ್. "ಇಷ್ಟು ಬೇಗ ಅವ್ರಿಗೆಲ್ಲಿ ಗೊತ್ತಾಗುತ್ತೆ?"

ಅನು ತಿನ್ನುವುದು ನಿಲ್ಲಿಸಿದಳು. ಅಮೆರಿಕದಲ್ಲೇ ಹುಟ್ಟಿದ ಹುಡುಗಿ. ಅವಳನ್ನು ಯಾರೂ ತಡೆಯುವಂತಿರಲಿಲ್ಲ. "ಯು ಸೆಡ್ ನೋ ಲೈಯಿಂಗ್, ಅಮ್ಮ."

"ಸುಮ್ನೆ ತಿನ್ನು," ಅಂದಳು ಇಂದುಮತಿ.

ಷಿಕಾಗೋದಲ್ಲಿ ಇಳಿದು ಸಾಲಿನಲ್ಲಿ ನಿಂತಾಗ ಶ್ಯಾಮ್ ಲ್ಯಾಪ್‌ಟಾಪ್ ಬ್ಯಾಗಿನಿಂದ ಬ್ಯಾಡ್ಜ್ ತೆಗೆದು ಕೊರಳಿಗೆ ಹಾಕಿಕೊಂಡ. ಅದು ಸೊಟ್ಟಗಿತ್ತು. ಗೋಡೆಯ ಫೋಟೊದ ಹಾರ ಸರಿಮಾಡುವಂತೆ ಇಂದುಮತಿ ಅದನ್ನು ನೆಟ್ಟಗೆ ಮಾಡಿದಳು. ಅನು ನೋಡುತ್ತಿದ್ದಳು.

ಅಧಿಕಾರಿ ಪಾಸ್‌ಪೋರ್ಟ್ ತಿರುವಿದ. ಇನ್ನೂ ಅದೇ ಕಂಪನಿಯೇ ಎಂದು ಕೇಳಿದ.

"ಯೆಸ್," ಅಂದ ಶ್ಯಾಮ್.

ಅಧಿಕಾರಿಯ ಕಣ್ಣು ಬ್ಯಾಡ್ಜಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅನುವಿನ ಮೇಲೆ. ಅನು ತನ್ನ ಶೂ ನೋಡಿಕೊಂಡಳು. ಮುದ್ರೆ ಬಿತ್ತು.

ಹೊರಗೆ ಇವರು ಬಿಟ್ಟುಹೋಗಿದ್ದ ಕಾರು ತಂದು ಕಾಯುತ್ತಿದ್ದ ಸತ್ಯನಾರಾಯಣ ಅಂಕಲ್ ಕೈಬೀಸಿದರು. "ಬಂದ್ರಾ! ಸುಮ್ನೆ ಹೆದರಿಸಿಬಿಟ್ಟೆ ನೋಡಮ್ಮ ನಾನು." ಅಷ್ಟರಲ್ಲಿ ಅವರ ಕಣ್ಣು ಶ್ಯಾಮ್‌ನ ಕೊರಳಿಗೆ ಹೋಯಿತು. "ಏನಯ್ಯಾ ಇದು, ರಜದಲ್ಲೂ ಬಿಚ್ಚಲ್ವಾ? ತಾಳಿ ಏನು ಅದು?"

ಶ್ಯಾಮ್‌ನ ಕೈ ಬ್ಯಾಡ್ಜಿಗೆ ಹೋಯಿತು.

"ಹೀ ಲವ್ಸ್ ಹಿಸ್ ಜಾಬ್, ಅಂಕಲ್," ಅಂದಳು ಅನು. ಒಂದಿಷ್ಟೂ ತಡವರಿಸಲಿಲ್ಲ.

ಅಂಕಲ್ ಹೊಟ್ಟೆತುಂಬ ನಕ್ಕರು. ಅನುವೂ ನಕ್ಕಳು. ಬರ್ಗೆನ್‌ನ ಬೆಂಚಿನ ಮೇಲೆ ಶ್ಯಾಮ್ ನಕ್ಕಿದ್ದನಲ್ಲ, ಥೇಟ್ ಅದೇ ನಗು. ಕಾರಿನ ಬಾಗಿಲು ತೆಗೆಯಹೋದ ಇಂದುಮತಿ ಹಿಡಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.