ನಾಮಾಹಾಗೆ ಬಂದಾಗ ಅಪ್ಪ ಎಲ್ಲಿದ್ದ?

ವರ್ಷದ ಕೊನೆಯ ಸಂಜೆ ಮಕ್ಕಳನ್ನು ಗದರಿಸಲು ನಾಮಾಹಾಗೆ ಎಂಬ ದೈವ ಬೆಟ್ಟದಿಂದ ಇಳಿದು ಬಂದಾಗ ಪಕ್ಕದಲ್ಲೇ ಕೂತಿರುತ್ತೇನೆಂದು ಯೊಶಿಹಾರು ಐದು ವರ್ಷದ ಮಗ ರೆಂಜಿಗೆ ಮಾತು ಕೊಟ್ಟಿದ್ದ. ಕೊಡುವಾಗ ಧೈರ್ಯಕ್ಕೇನು ಬರ! ಆದರೆ ಅವತ್ತು ಮಧ್ಯಾಹ್ನವೇ ಊರ ಹಿರಿಯರು ಬಾಗಿಲಿಗೆ ಬಂದರು. ನಾಮಾಹಾಗೆಯ ವೇಷ ಹಾಕಬೇಕಿದ್ದವನು ಹಿಮದಲ್ಲಿ ಜಾರಿ ಸೊಂಟ ಉಳುಕಿಸಿಕೊಂಡಿದ್ದ. ಹುಲ್ಲಿನ ಅಂಗಿಯ ಭಾರ ಹೊರಬಲ್ಲ ಗಂಡಸರು ಊರಲ್ಲಿ ಬೆರಳೆಣಿಕೆಯಷ್ಟು. ಆಗುವುದಿಲ್ಲ ಎನ್ನಲು ಇವನಿಗೆ ಬಾಯಿ ಬರಲಿಲ್ಲ.

ಸಂಜೆ ಕೋರೆಹಲ್ಲಿನ ಕೆಂಪು ಮುಖವಾಡ ತೊಟ್ಟು, ಮರದ ಕತ್ತಿ ಹಿಡಿದು ಮನೆಮನೆ ಸುತ್ತಿ, ಕೊನೆಗೆ ತನ್ನ ಮನೆಗೇ ನುಗ್ಗಿದ.

"ಅಳೋ ಮಕ್ಳು ಇದಾವೇನೋ ಇಲ್ಲಿ? ಹೇಳಿದ್ ಮಾತು ಕೇಳ್ದೇ ಇರೋನು ಯಾವನೋ?"

ಒಳಬಾಗಿಲ ತೊಲೆ ತಗ್ಗು. ರೂಢಿಯಿಂದ ತಲೆ ತಾನಾಗಿ ಬಗ್ಗಿತು.

"ಈ ಸಲದ ನಾಮಾಹಾಗೆಗೆ ನಮ್ಮನೆ ತೊಲೆ ಚೆನ್ನಾಗೇ ಗೊತ್ತು," ಎಂದ ಯೊಶಿಹಾರುವಿನ ಅಪ್ಪ, ಪದ್ಧತಿಯಂತೆ ಅಕ್ಕಿಯ ಹೆಂಡ ಸುರಿಯುತ್ತ. "ನಮ್ಮ ಹುಡ್ಗ ಒಳ್ಳೇವ್ನು. ಕುಡಿದು ಬೆಟ್ಟಕ್ಕೆ ಹೊರಡಿ ಸ್ವಾಮಿ."

ಅಜ್ಜನ ಬೆನ್ನಿಗೆ ಅಂಟಿಕೊಂಡಿದ್ದ ರೆಂಜಿ ಚೀರಿದ. "ಅಪ್ಪಾ, ಎಲ್ಲಿದೀಯಾ? ಇರ್ತೀನಿ ಅಂದಿದ್ಯಲ್ಲ!"

ಯೊಶಿಹಾರುವಿನ ಕೈ ಮುಖವಾಡದ ಅಂಚಿಗೆ ಹೋಯಿತು. ಅದನ್ನು ತೆಗೆದರೆ ಮಗನ ಅಳು ನಿಲ್ಲುತ್ತದೆ. ಆದರೆ ಆಮೇಲೆ ಈ ಮನೆಗೆ ನಾಮಾಹಾಗೆ ಇನ್ನೆಂದೂ ಬರುವುದಿಲ್ಲ. ಒಮ್ಮೆ ಗುಡುಗಿ, ಹುಲ್ಲು ಉದುರಿಸುತ್ತ ಹೊರಬಿದ್ದ. ಅಷ್ಟು ನಾಚಿಕೆ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ವೇಷ ಕಳಚಿ ಮನೆಗೆ ಬಂದಾಗ ರೆಂಜಿ ಬಾಗಿಲಲ್ಲೇ ನಿಂತಿದ್ದ. ರೋಗ ಬರದಿರಲೆಂದು ಅಜ್ಜ ಆ ಉದುರಿದ ಹುಲ್ಲಿನ ಎಳೆಯೊಂದನ್ನು ಅವನ ತಲೆಗೆ ಸುತ್ತಿದ್ದ.

"ಎಲ್ಲಿಗ್ ಹೋಗಿದ್ದೆ? ದನಿ ಯಾಕೆ ಹಿಂಗ್ ಒಡೆದೋಗಿದೆ? ಕೂದ್ಲಲ್ಲಿ ಏನದು ಹುಲ್ಲು?"

ಅಜ್ಜ ತನ್ನ ಬಟ್ಟಲೊಳಗೇ ನೋಡುತ್ತ ಕುಳಿತ. ಯೊಶಿಹಾರು ಸುಳ್ಳಿಗಾಗಿ ತಡಕಾಡಿದ. ಮಗನೇ ಹುಬ್ಬು ಗಂಟಿಕ್ಕಿ ಲೆಕ್ಕಾಚಾರ ಮುಗಿಸಿದ್ದ.

"ಗೊತ್ತಾಯ್ತು ಬಿಡು. ಹೆದರ್ಕೊಂಡು ಹುಲ್ಲಿನ ಮೆದೇಲಿ ಅವಿತಿದ್ದೆ. ಅಲ್ಲೇ ಅತ್ತೂ ಅತ್ತೂ ಗಂಟ್ಲು ಹೋಗಿದೆ."

ಎಂಥ ಗಂಡಸಿಗೂ ನುಂಗಲಾಗದ ತುತ್ತು. ಯೊಶಿಹಾರು ನುಂಗಿದ.

"ಹೂಂ ಕಣೋ. ತುಂಬಾ ಹೆದರಿದ್ದೆ."

ರೆಂಜಿಯ ಸಿಟ್ಟು ಇಳಿಯಿತು. ತನ್ನ ತಲೆಯ ಹುಲ್ಲು ಬಿಚ್ಚಿ, ಅಪ್ಪನನ್ನು ಕೂರಿಸಿ ಅವನ ತಲೆಗೆ ಕಟ್ಟಿದ.

"ಮುಂದಿನ್ ವರ್ಷ ಓಡೋಗ್ಬೇಡ. ನಾನು ಕೈ ಹಿಡ್ಕೊಂಡಿರ್ತೀನಿ."

ಮರುದಿನ ಹೊಸವರ್ಷದ ಶುಭಾಶಯ ಹೇಳಲು ಹೋದ ಯೊಶಿಹಾರು, ಬರುವ ವರ್ಷಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹಿರಿಯರಿಗೆ ಹೇಳಿಬಂದ. ಹುಲ್ಲಿನ ಎಳೆ ಇನ್ನೂ ಅವನ ತಲೆಯ ಮೇಲಿತ್ತು.